ಮಿದುಳು ಕಲ್ಲಾದ ನಾಡಿನಲ್ಲಿ

ಜೊಹಾನ್ಸ್‌ಬರ್ಗ್ ಬಿಟ್ಟು ವಾಯುವ್ಯದ ಕಡೆ ಮುಕ್ಕಾಲು ಗಂಟೆ ಕಾರು ಓಡಿತೆಂದರೆ ಕಟ್ಟಡಗಳು ಮುಗಿದು ಬರೀ ಹುಲ್ಲು. ಜುಲೈ ಅಲ್ಲಿ ಚಳಿಗಾಲ. ಗುಡ್ಡ ಎನ್ನಲೂ ಸಂಕೋಚವಾಗುವ ದಿಬ್ಬಗಳು, ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ನಡುನಡುವೆ ಬೆಂಕಿ ಬಿದ್ದು ಕಪ್ಪಾದ ನೆಲ. ‘ಮನುಕುಲದ ತೊಟ್ಟಿಲು’ ಎಂದು ಹೆಸರಾದ, 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಜಾಗ ಇದೇನಾ ಎಂದು ಕಿಟಕಿಯಾಚೆ ಹುಡುಕುತ್ತಿದ್ದೆ. ಕಾರು ಓಡಿಸುತ್ತಿದ್ದವಳು ನನ್ನ ಅಣ್ಣನ ಮಗಳು. ಅಲ್ಲೇ ಕೆಲಸ, ಅಲ್ಲೇ ಸಂಸಾರ. “ಚಿಕ್ಕಪ್ಪ, ಸುಮ್ಮನೆ ನೋಡಿದ್ರೆ ಏನೂ ಕಾಣಲ್ಲ. ಮರ ನೋಡಿ” ಎಂದಳು. ಬೋಳು ದಿಬ್ಬದ ಮೇಲೆ ಅಲ್ಲೊಂದು ಇಲ್ಲೊಂದು ಕಾಡು ಆಲಿವ್ ಮರಗಳ ಗುಂಪು. ಹುಲ್ಲಿಗಿಂತ ಎತ್ತರಕ್ಕೆ ಏನಾದರೂ ಬೆಳೆದಿದ್ದರೆ ಅದರ ಬುಡದಲ್ಲಿ ಗವಿಯ ಬಾಯಿ ಇರುವ ಸಂಭವ ಹೆಚ್ಚಂತೆ. ಪಳೆಯುಳಿಕೆ ಹುಡುಕುವವರು ಈಗಲೂ ಆ ಮರಗಳ ಗುರುತು ಹಿಡಿದೇ ಹೊರಡುತ್ತಾರೆ.

ಸ್ಟರ್ಕ್‌ಫಾಂಟೇನ್ ಗವಿಯ ಹೊರಗೆ ಪಳೆಯುಳಿಕೆ ವಿಜ್ಞಾನಿ ಡಾ. ರಾಬರ್ಟ್ ಬ್ರೂಮ್ ಅವರ ಕಂಚಿನ ಪುತ್ಥಳಿಯಿದೆ, ಕೈಯಲ್ಲೊಂದು ತಲೆಬುರುಡೆ. ಮೂಗನ್ನೂ ಕೈಯನ್ನೂ ಮುಟ್ಟಿದರೆ ಅದೃಷ್ಟ, ಬುದ್ಧಿ ಬರುತ್ತವೆ ಎಂಬ ನಂಬಿಕೆ ಪ್ರವಾಸಿಗರದ್ದು. ಜನ ಮುಟ್ಟಿ ಮುಟ್ಟಿ ಎರಡೂ ಹೊಳೆಯುತ್ತಿವೆ. ವಿಕಾಸವಾದದ ಬಾಗಿಲಲ್ಲೂ ಒಂದು ಹರಕೆಯ ಮೂರ್ತಿ! ಅಣ್ಣನ ಮಗಳ ಮಗ, ಎರಡನೇ ಕ್ಲಾಸಿನ ಹುಡುಗ, ಎರಡನ್ನೂ ಮುಟ್ಟಿದ. ನಾನೂ ಮುಟ್ಟಿದೆ, ಸುಳ್ಳೇಕೆ.

ತಲೆಗೆ ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲಿಳಿದೆವು. ಇಪ್ಪತ್ತೈದು ವರ್ಷವೂ ಆಗಿರದ ಗೈಡ್ ಹುಡುಗಿ, ಆ ಸೀಮೆಯವಳೇ, ಮುಂದೆ ನಡೆದಳು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಲ್ಲಿಗೆ ಜನ ಬಂದದ್ದು ಪೂರ್ವಜರನ್ನು ಹುಡುಕಿಕೊಂಡಲ್ಲ, ಸುಣ್ಣ ಹುಡುಕಿಕೊಂಡು. ಜೊಹಾನ್ಸ್‌ಬರ್ಗಿನ ಚಿನ್ನ ಶುದ್ಧಿಮಾಡಲು ಸುಣ್ಣ ಬೇಕಿತ್ತು. ಗವಿಯೊಳಗೆ ಲಕ್ಷಾಂತರ ವರ್ಷ ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬಗಳನ್ನು ಮದ್ದಿಟ್ಟು ಒಡೆದರು. ಹಾಗೆ ಒಡೆದ ಕಲ್ಲಿನಲ್ಲೇ ಮೂಳೆಗಳು ಕಾಣತೊಡಗಿದವು. 1947ರ ಏಪ್ರಿಲ್‌ನಲ್ಲಿ ಬ್ರೂಮ್ ಮತ್ತು ಜಾನ್ ರಾಬಿನ್ಸನ್ ಕೂಡ ಮದ್ದನ್ನೇ ಇಟ್ಟರು. ಹೊಗೆ ಇಳಿದಾಗ ಒಂದು ಬುರುಡೆ ಎರಡು ಹೋಳಾಗಿ ಬಿದ್ದಿತ್ತು. ಮಿದುಳು ಇದ್ದ ಟೊಳ್ಳಿನ ತುಂಬ ಸುಣ್ಣದ ಹರಳುಗಳು. ಅದಕ್ಕೆ ‘ಮಿಸೆಸ್ ಪ್ಲೆಸ್’ ಎಂಬ ಅಡ್ಡಹೆಸರು ಬಿತ್ತು. ಆಸ್ಟ್ರಲೊಪಿಥೆಕಸ್ ಆಫ್ರಿಕಾನಸ್ ಜಾತಿಯದು. ಆ ಟೊಳ್ಳಿನ ಗಾತ್ರ 485 ಸಿಸಿ. ನಮ್ಮದು ಸರಾಸರಿ 1,350ರ ಆಸುಪಾಸು. ಚಿಂಪಾಂಜಿಯದು 400ರ ಸುತ್ತಮುತ್ತ. ಅಂದರೆ ತಲೆಯ ಲೆಕ್ಕದಲ್ಲಿ ಆಕೆ ಚಿಂಪಾಂಜಿಯ ನೆರೆಮನೆಯವಳು. ನಡಿಗೆಯ ಲೆಕ್ಕದಲ್ಲಿ ನಮ್ಮವಳು, ಎರಡು ಕಾಲಿನವಳು.

ಗವಿಯ ಒಂದು ಕವಲಿನ ಮುಂದೆ ಹುಡುಗಿ ನಿಂತು ಟಾರ್ಚ್ ಬಿಟ್ಟಳು. ಅದರಾಚೆ ಸಿಲ್ಬರ್‌ಬರ್ಗ್ ಗ್ರಾಟೊ. 1994ರಲ್ಲಿ ರಾನ್ ಕ್ಲಾರ್ಕ್ ಎಂಬ ವಿಜ್ಞಾನಿ, ಪ್ರಾಣಿಗಳ ಮೂಳೆ ಎಂದು ಡಬ್ಬಿಗೆ ತುಂಬಿಟ್ಟಿದ್ದ ಚೂರುಗಳಲ್ಲಿ ಎರಡು ಕಾಲಲ್ಲಿ ನಡೆದವರ ಪಾದದ ಮೂಳೆಗಳನ್ನು ಗುರುತಿಸಿದರು. ಮೂರು ವರ್ಷದ ನಂತರ ಮುರಿದ ಮೊಣಕಾಲಿನ ಕೆಳಗಿನ ಎಲುಬಿನ ಅಚ್ಚೊಂದನ್ನು ಸಹಾಯಕರಾದ ಸ್ಟೀಫನ್ ಮೊತ್ಸುಮಿ ಮತ್ತು ನ್ಕ್ವಾನೆ ಮೊಲೆಫೆ ಅವರ ಕೈಗಿತ್ತು, ಇದರ ಉಳಿದ ತುಂಡು ಈ ಗೋಡೆಯಲ್ಲೆಲ್ಲಾದರೂ ಇರಬಹುದು, ನೋಡಿ ಎಂದರು. ಕತ್ತಲು, ಒದ್ದೆ, ಎತ್ತ ನೋಡಿದರೂ ಬಂಡೆ. ಇಬ್ಬರೂ ಕೈದೀಪ ಹಿಡಿದು ಹುಡುಕಿದರು. ಎರಡೇ ದಿನದಲ್ಲಿ ಸಿಕ್ಕಿತು. ಮುರಿದ ಅಂಚಿಗೆ ಮುರಿದ ಅಂಚು ಸರಿಯಾಗಿ ಕೂತಿತು. ಅದರ ಹಿಂದೆ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರ, ಈಗ ‘ಲಿಟ್ಲ್ ಫುಟ್’ ಎಂದು ಪ್ರಸಿದ್ಧ. ಬಂಡೆಯಿಂದ ಬಿಡಿಸಲು ಇಪ್ಪತ್ತು ವರ್ಷ ಹಿಡಿಯಿತು. ವಯಸ್ಸು ಸುಮಾರು 36 ಲಕ್ಷ ವರ್ಷ ಎಂಬ ಲೆಕ್ಕವಿದೆ, ಅಷ್ಟು ಹಳೆಯದಲ್ಲ ಎಂದು ವಾದಿಸುವವರೂ ಇದ್ದಾರೆ. ನನಗೆ ಆ ಕತ್ತಲಲ್ಲಿ ಹೆಚ್ಚು ಅಚ್ಚರಿಯಾಗಿ ಕಂಡದ್ದು ಆ ಇಬ್ಬರ ಕಣ್ಣು. ಅಂಗೈಯಗಲದ ಒಂದು ಆಕಾರವನ್ನು ಮನಸ್ಸಿನಲ್ಲಿ ಹೊತ್ತುಕೊಂಡು, ತಿರುಗಿಸಿ ಮಗುಚಿ, ಸಾವಿರಾರು ಉಬ್ಬುತಗ್ಗುಗಳ ನಡುವೆ ಅದರ ಜೋಡಿಯನ್ನು ಪತ್ತೆಹಚ್ಚುವುದು! ಬಂಡೆಯಲ್ಲಿ ಮಲಗಿದ್ದವರಿಗೂ ಅವರನ್ನು ಹುಡುಕಿದವರಿಗೂ ನಡುವೆ ತಲೆಯೊಳಗೆ ಏನು ನಡೆಯಿತು ಎಂಬುದೇ ಆಮೇಲೆ ಇಡೀ ಪ್ರವಾಸದ ಪ್ರಶ್ನೆಯಾಯಿತು.

ಮಿದುಳು ಪಳೆಯುಳಿಕೆಯಾಗಿ ಉಳಿಯುವುದು ತೀರ ಅಪರೂಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯಕ್ಕೆ ಹೋದವರಿಗೆ ಅದೇಕೆಂದು ಗೊತ್ತು. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ದ್ರಾವಣದಲ್ಲಿ ಅದ್ದಿ ಗಟ್ಟಿಮಾಡಿರದಿದ್ದರೆ ಆ ಒಂದು ಕಿಲೋ ಮುನ್ನೂರು ಗ್ರಾಮಿನ ಮುದ್ದೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಸತ್ತ ಮೇಲೆ ಮೊದಲು ಕರಗುವ ಭಾಗಗಳಲ್ಲಿ ಅದೂ ಒಂದು. ಆದರೆ ಸುಣ್ಣದ ಗವಿಗಳು ಒಂದು ಉಪಕಾರ ಮಾಡಿವೆ. ಖಾಲಿಯಾದ ಬುರುಡೆಯೊಳಗೆ ಮರಳು, ಸುಣ್ಣದ ನೀರು ಇಳಿದು, ಹೆಪ್ಪುಗಟ್ಟಿ, ಕಲ್ಲಾದಾಗ ಬುರುಡೆಯ ಒಳಮೈಯ ಗುರುತೆಲ್ಲ ಆ ಕಲ್ಲಿನ ಹೊರಮೈಗೆ ಬರುತ್ತದೆ. ಮಿದುಳಿನ ಉಬ್ಬು, ತಗ್ಗು, ಅದರ ಮೇಲೆ ಹಬ್ಬಿದ್ದ ರಕ್ತನಾಳದ ಗೆರೆ ಕೂಡ.

ಅಂಥ ಕಲ್ಲುಗಳ ರಾಜ ಟೌಂಗ್ ಮಗು. ಮೂಲ ಬುರುಡೆ ಜೊಹಾನ್ಸ್‌ಬರ್ಗಿನ ವಿಟ್ಸ್ ವಿಶ್ವವಿದ್ಯಾಲಯದ ಭದ್ರ ಕೋಣೆಯಲ್ಲಿದೆ. ನಾನು ನೋಡಿದ್ದು ಪ್ರತಿಕೃತಿ. ಅಂಗೈಯಲ್ಲಿ ಹಿಡಿಸುವ ಮುಖ, ಹಾಲುಹಲ್ಲು, ಅದರ ಹಿಂದೆ ಅರ್ಧ ಮಿದುಳಿನ ಕಲ್ಲಚ್ಚು. 1924ರಲ್ಲಿ ಟೌಂಗ್‌ನ ಸುಣ್ಣದ ಗಣಿಯಿಂದ ಕಲ್ಲಿನ ಪೆಟ್ಟಿಗೆಗಳು ವಿಜ್ಞಾನಿ ರೇಮಂಡ್ ಡಾರ್ಟ್ ಅವರ ಮನೆಗೆ ಬಂದಾಗ ಅವರು ಗೆಳೆಯನ ಮದುವೆಗೆ ಸಿಂಗರಿಸಿಕೊಳ್ಳುತ್ತಿದ್ದರು, ಮದುವೆ ನಡೆಯಬೇಕಾದದ್ದೂ ಅವರ ಮನೆಯಲ್ಲೇ. ಸೂಟಿನಲ್ಲೇ ಪೆಟ್ಟಿಗೆ ಒಡೆದರು. ಮದುಮಗ ಅವಸರಪಡಿಸುತ್ತಿದ್ದರೂ ಕಲ್ಲು ಬಿಟ್ಟೇಳಲಿಲ್ಲ ಎಂಬ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಆ ಕಲ್ಲು ಕಲ್ಲಾಗಿಯೇ ಉಳಿಯುತ್ತಿತ್ತು. ಡಾರ್ಟ್ ಲಂಡನ್ನಿನಲ್ಲಿ ಮಿದುಳಿನ ರಚನೆಯನ್ನೇ ಓದಿ ಬಂದವರು. ಆ ಮಡಿಕೆಗಳು ಕೋತಿಯವಲ್ಲ ಎಂದು ಒಂದೇ ನೋಟಕ್ಕೆ ತಿಳಿಯಿತು. ಹೆಂಡತಿಯ ಹೆಣಿಗೆ ಕಡ್ಡಿಯಿಂದ ಕೆರೆದು ಕೆರೆದು, ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ ಮುಖ ಬಿಡಿಸಿದರು. 1925ರ ಫೆಬ್ರುವರಿ 7ರ ‘ನೇಚರ್’ ಪತ್ರಿಕೆಯಲ್ಲಿ ಲೇಖನ ಬಂತು.

ಈ ಚಿಕ್ಕ ತಲೆಯ ಮಗು ಮನುಷ್ಯರ ಕಡೆಯದು ಎಂಬುದನ್ನು ಲಂಡನ್ನಿನ ದೊಡ್ಡವರು ನಂಬಲಿಲ್ಲ. ಮನುಷ್ಯನಿಗೆ ಮೊದಲು ದೊಡ್ಡ ಮಿದುಳು ಬಂತು, ಉಳಿದದ್ದೆಲ್ಲ ಆಮೇಲೆ ಎಂಬುದು ಅವರ ಸಿದ್ಧಾಂತ. ಅದಕ್ಕೆ ಸಾಕ್ಷಿಯಾಗಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ ಬೇರೆ ಇತ್ತು. ಮನುಷ್ಯನ ಬುರುಡೆಗೆ ಒರಾಂಗುಟಾನ್ ದವಡೆ ಜೋಡಿಸಿ ಯಾರೋ ಮಾಡಿದ ಮೋಸ ಅದು ಎಂದು ಬಯಲಾದದ್ದು 1953ರಲ್ಲಿ. ನಾವು ಬುದ್ಧಿಯಿಂದಲೇ ಮನುಷ್ಯರಾದೆವು ಎಂಬ ಕತೆ ಎಷ್ಟು ಹಿತವಾಗಿತ್ತೆಂದರೆ, ಆ ಕತೆಗೆ ಹೊಂದುವ ಸುಳ್ಳು ಮೂಳೆ ನಲವತ್ತು ವರ್ಷ ಬಾಳಿತು.

ಡಾರ್ಟ್ ಇನ್ನೊಂದು ಮಾತು ಹೇಳಿದ್ದರು. ಇಡೀ ಪ್ರವಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ವಾನರರ ಮಿದುಳಿನ ಹಿಂಭಾಗದಲ್ಲಿ ಬಾಲಚಂದ್ರನ ಹಾಗೆ ಬಾಗಿದ ಒಂದು ತಗ್ಗುಗೆರೆ ಇದೆ. ಕಣ್ಣಿನಿಂದ ಬಂದದ್ದನ್ನು ಮೊದಲು ಬರಮಾಡಿಕೊಳ್ಳುವ ಪ್ರದೇಶಕ್ಕೆ ಅದೇ ಗಡಿ. ಚಿಂಪಾಂಜಿಯಲ್ಲಿ ಈ ಗಡಿ ಸಾಕಷ್ಟು ಮುಂದಿದೆ. ನಮ್ಮಲ್ಲಿ ಅದು ಹಿಂದಕ್ಕೆ ಸರಿದು, ಗುರುತೇ ಸಿಗದಷ್ಟು ಮೂಲೆ ಸೇರಿದೆ. ಬಿಟ್ಟುಕೊಟ್ಟ ಜಾಗದಲ್ಲಿ ನೋಡಿದ್ದನ್ನೂ ಕೇಳಿದ್ದನ್ನೂ ಮುಟ್ಟಿದ್ದನ್ನೂ ಒಟ್ಟುಗೂಡಿಸುವ ಪ್ರದೇಶಗಳು ಬೆಳೆದಿವೆ. ಟೌಂಗ್ ಮಗುವಿನಲ್ಲಿ ಗಡಿ ಆಗಲೇ ಹಿಂದೆ ಸರಿದಿತ್ತು, ಗಾತ್ರ ಚಿಕ್ಕದಾದರೂ ಜೋಡಣೆ ಬದಲಾಗಿತ್ತು ಎಂಬುದು ಡಾರ್ಟ್ ವಾದ. ಈ ಒಂದು ಗೆರೆಯ ಮೇಲೆ ಅಮೆರಿಕದ ರಾಲ್ಫ್ ಹಾಲೊವೇ ಮತ್ತು ಡೀನ್ ಫಾಕ್ ದಶಕಗಟ್ಟಲೆ ಜಗಳವಾಡಿದ್ದಾರೆ, ಒಬ್ಬರಿಗೆ ಅದು ಹಿಂದೆ ಕಂಡಿತು, ಇನ್ನೊಬ್ಬರಿಗೆ ಮುಂದೆ. ಇಥಿಯೋಪಿಯಾದ ದಿಕಿಕದಲ್ಲಿ ಸಿಕ್ಕ, 33 ಲಕ್ಷ ವರ್ಷ ಹಿಂದಿನ ಇನ್ನೊಂದು ಮಗುವಿನ ಬುರುಡೆಯನ್ನು, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಲವಾದ ಎಕ್ಸ್‌ರೇ ಹಾಯಿಸಿ ನೋಡಿದಾಗ ಗೆರೆ ವಾನರರದ್ದಿರುವಲ್ಲೇ ಇತ್ತು. ಆದರೆ ಹಲ್ಲಿನ ಬೆಳವಣಿಗೆಯಿಂದ ವಯಸ್ಸು ಲೆಕ್ಕಹಾಕಿದರೆ ಆ ಮಗುವಿನ ಮಿದುಳು ಚಿಂಪಾಂಜಿ ಮರಿಯದಕ್ಕಿಂತ ನಿಧಾನವಾಗಿ ಬೆಳೆಯುತ್ತಿತ್ತು. ಅಂದರೆ ಜೋಡಣೆ ಇನ್ನೂ ಹಳೆಯದೇ, ಬಾಲ್ಯ ಮಾತ್ರ ಆಗಲೇ ಉದ್ದವಾಗತೊಡಗಿತ್ತು! ನಾವು ಮನುಷ್ಯರಾದ ಕೆಲಸ ಇಲ್ಲಿಂದ ಶುರುವಾಗಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಧ್ಯಾಹ್ನ ರಸ್ತೆ ಬದಿಯ ಹೋಟೆಲಿನಲ್ಲಿ ಮೆಕ್ಕೆಜೋಳದ ಬಿಳಿ ಹಿಟ್ಟಿನ ‘ಪಾಪ್’, ಖಾರದ ಚಕಲಕ. ಬಿಸಿ ಪಾಪ್ ನಮ್ಮ ರಾಗಿಮುದ್ದೆಯ ಬಿಳಿ ತಮ್ಮ. ನುಂಗದೆ ಅಗಿದದ್ದಕ್ಕೆ ಹುಡುಗ ನಕ್ಕ. ಎದುರಿನ ಕಣಿವೆಯಾಚೆ ಸ್ವಾರ್ಟ್‌ಕ್ರಾನ್ಸ್ ಗವಿ. ಅಲ್ಲಿ ದಶಕಗಳ ಕಾಲ ಅಗೆದ ಬಾಬ್ ಬ್ರೇನ್ ಅವರಿಗೆ ಎರಡು ಗುರುತುಗಳು ಸಿಕ್ಕವು. ಒಂದು ಮಗುವಿನ ಬುರುಡೆಯ ಹಿಂಬದಿಯಲ್ಲಿ ಎರಡು ತೂತು. ಚಿರತೆಯ ಕೋರೆಹಲ್ಲು ಇಟ್ಟರೆ ಕರಾರುವಾಕ್ಕಾಗಿ ಕೂರುತ್ತವೆ. ಟೌಂಗ್ ಮಗುವಿನ ಕಣ್ಣಗೂಡಿನಲ್ಲೂ ಹದ್ದಿನಂಥ ದೊಡ್ಡ ಹಕ್ಕಿಯ ಗಾಯವಿದೆ. ಲಕ್ಷಾಂತರ ವರ್ಷ ನಾವು ಇತರರ ಊಟವಾಗಿದ್ದವರು. ಇನ್ನೊಂದು, ಹತ್ತು ಲಕ್ಷ ವರ್ಷಕ್ಕೂ ಹಿಂದಿನ ಸುಟ್ಟ ಮೂಳೆಗಳು. ಬೆಂಕಿಯನ್ನು ಅವರೇ ಹೊತ್ತಿಸಿದರೋ, ಕಾಡ್ಗಿಚ್ಚಿನಿಂದ ಎತ್ತಿ ತಂದರೋ ಹೇಳುವಂತಿಲ್ಲ. ಬೆಂಕಿಗೂ ಮಿದುಳಿಗೂ ನಂಟು ಕಾಣುವವರಿದ್ದಾರೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು, ದಿನದ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ತಿನ್ನುತ್ತದೆ. ಈ ಖರ್ಚಿಗೆ ದುಡ್ಡೆಲ್ಲಿಂದ? ಕರುಳು ಚಿಕ್ಕದಾಗಿ ಉಳಿದ ಶಕ್ತಿ ತಲೆಗೆ ಸಂದಾಯವಾಯಿತು ಎಂದು 1995ರಲ್ಲಿ ಲೆಸ್ಲಿ ಐಯೆಲೊ ಮತ್ತು ಪೀಟರ್ ವೀಲರ್ ಹೇಳಿದರು. ಇತರ ಸಸ್ತನಿಗಳನ್ನು ಅಳೆದು ನೋಡಿದವರಿಗೆ ಅಂಥ ಅದಲುಬದಲು ಕಾಣಲಿಲ್ಲ. ಬೇಯಿಸಿದ್ದರಿಂದ ಎಂದು ರಿಚರ್ಡ್ ರ‍್ಯಾಂಗಮ್. ಕಚ್ಚಾ ಗೆಡ್ಡೆಯನ್ನು ದಿನವಿಡೀ ಅಗಿಯುವುದನ್ನು ನೆನೆದರೆ ಈ ಮಾತಿಗೆ ತಲೆದೂಗಬೇಕೆನ್ನಿಸುತ್ತದೆ. ಆದರೆ ಅಷ್ಟು ಹಳೆಯ ಒಲೆಗಳು ಸಾಕಷ್ಟು ಸಿಕ್ಕಿಲ್ಲ.

ಮಧ್ಯಾಹ್ನದ ಮೇಲೆ ಮರೊಪೆಂಗ್ ಎಂಬ ಪ್ರದರ್ಶನಾಲಯ. ಮುಂದಿನಿಂದ ನೋಡಿದರೆ ಹುಲ್ಲು ಹೊದ್ದ ದಿಬ್ಬ. ಒಳಗೆ ಹೊಕ್ಕರೆ ಮಕ್ಕಳ ಗದ್ದಲ, ನೀರ ಮೇಲೆ ದೋಣಿಯಾಟ. ದೋಣಿಯ ಬಗ್ಗೆ ಹೇಳುವಂಥದ್ದೇನಿಲ್ಲ. ನಾನು ನಿಂತದ್ದು ಹೋಮೊ ನಲೆಡಿ ಮುಂದೆ. 2013ರಲ್ಲಿ ಹತ್ತಿರದ ರೈಸಿಂಗ್ ಸ್ಟಾರ್ ಗವಿಯಲ್ಲಿ ಇಬ್ಬರು ಗವಿ ಸಾಹಸಿಗಳು ಒಂದು ಗೇಣಿನಷ್ಟು ಕಿರಿದಾದ ಬಿರುಕಿನಲ್ಲಿ ತೂರಿ ಇಳಿದಾಗ ನೆಲದ ಮೇಲೆ ಮೂಳೆಗಳು ಹರಡಿದ್ದವು. ವಿಜ್ಞಾನಿ ಲೀ ಬರ್ಗರ್ ಜಾಹೀರಾತು ಹಾಕಿ, ಆ ಬಿರುಕಿನಲ್ಲಿ ತೂರಬಲ್ಲ ಆರು ಮಂದಿ ವಿಜ್ಞಾನಿಗಳನ್ನು ಆರಿಸಿದರು. ಆರೂ ಮಂದಿ ಹೆಂಗಸರು. ಮೇಲೆ ಬಂದ ಮೂಳೆಗಳು ಕನಿಷ್ಠ 15 ಜನರವು. ಬುರುಡೆಯ ಗಾತ್ರ 465ರಿಂದ 610 ಸಿಸಿ. ಇಷ್ಟು ಚಿಕ್ಕ ತಲೆ ಎಂದರೆ ಇಪ್ಪತ್ತು ಲಕ್ಷ ವರ್ಷ ಹಳೆಯದಿರಬೇಕು ಎಂದು ಅನೇಕರು ಅಂದುಕೊಂಡರು. ಕಾಲ ಅಳೆದಾಗ ಬಂದ ಉತ್ತರ 2,36,000ದಿಂದ 3,35,000 ವರ್ಷ. ನಮ್ಮ ಜಾತಿ ಆಫ್ರಿಕಾದಲ್ಲಿ ತಲೆಯೆತ್ತುತ್ತಿದ್ದ ಹೊತ್ತಿಗೆ ಈ ಪುಟ್ಟ ತಲೆಯವರೂ ಅದೇ ಖಂಡದಲ್ಲಿ ಓಡಾಡುತ್ತಿದ್ದರು!

ಅವರು ಸತ್ತವರನ್ನು ಹೂಳುತ್ತಿದ್ದರು, ಗೋಡೆಗೆ ಗೀರು ಹಾಕುತ್ತಿದ್ದರು ಎಂದು ಬರ್ಗರ್ ತಂಡ 2023ರಲ್ಲಿ ಸಾರಿದೆ. ಪುರಾವೆ ಸಾಲದು ಎಂದು ಹಲವರು ಗಟ್ಟಿಯಾಗಿಯೇ ಹೇಳಿದ್ದಾರೆ, ನನಗೂ ಆ ಸಾರುವಿಕೆ ಅವಸರದ್ದೆನಿಸುತ್ತದೆ. ಅದಕ್ಕಿಂತ ದೊಡ್ಡ ಸುದ್ದಿ 2018ರಲ್ಲೇ ಬಂದಿತ್ತು. ನಲೆಡಿ ಬುರುಡೆಯ ಒಳಮೈಯ ಅಚ್ಚು ತೆಗೆದು ಹಾಲೊವೇ ಮತ್ತು ಸಂಗಡಿಗರು ಎಡಹಣೆಯ ಕೆಳಗಿನ ಮಡಿಕೆಗಳನ್ನು ನೋಡಿದರು. ನಮ್ಮಲ್ಲಿ ಮಾತಿಗೆ, ಕೈಚಳಕಕ್ಕೆ ಬೇಕಾದ ಪ್ರದೇಶ ಅದು. ಅಲ್ಲಿನ ಮಡಿಕೆಗಳ ವಿನ್ಯಾಸ ಚಿಂಪಾಂಜಿಯದಾಗಿರಲಿಲ್ಲ, ಮನುಷ್ಯರದಾಗಿತ್ತು. ನಮ್ಮದರ ಅರ್ಧಕ್ಕೂ ಚಿಕ್ಕ ತಲೆ, ಆದರೆ ನಮ್ಮ ಮಾದರಿಯ ಜೋಡಣೆ. 2021ರಲ್ಲಿ ಇದಕ್ಕೆ ತದ್ವಿರುದ್ಧ ಅಂಚಿನಿಂದ ಇನ್ನೊಂದು ತುಂಡು ಸಿಕ್ಕಿತು. ಜಾರ್ಜಿಯಾ ದೇಶದ ದ್ಮನಿಸಿಯಲ್ಲಿ ಸಿಕ್ಕ ಸುಮಾರು 18 ಲಕ್ಷ ವರ್ಷ ಹಿಂದಿನ ಮನುಷ್ಯರು ಆಫ್ರಿಕಾ ದಾಟಿ ಹೋದವರು, ಕಲ್ಲಿನ ಆಯುಧ ಬಲ್ಲವರು. ಆದರೆ ಅವರ ಹಣೆಯ ಹಿಂದಿನ ಮಡಿಕೆಗಳು ಇನ್ನೂ ವಾನರ ಮಾದರಿಯವು. ಹೊಸ ಮಾದರಿ ಕಾಣಿಸುವುದು 17ರಿಂದ 15 ಲಕ್ಷ ವರ್ಷದ ನಡುವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗಾತ್ರದ ಕತೆ ಬೇರೆ, ಜೋಡಣೆಯ ಕತೆ ಬೇರೆ.

ಗಾತ್ರವೇ ಮುಖ್ಯವಾಗಿದ್ದರೆ ಆನೆಗಳು ನಮ್ಮನ್ನು ಪಳಗಿಸಬೇಕಿತ್ತು. ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮಿದುಳನ್ನು ಅರೆದು ಗಂಜಿಯಂತೆ ಮಾಡಿ, ಅದರೊಳಗಿನ ಕೋಶಕೇಂದ್ರಗಳನ್ನು ಎಣಿಸುವ ವಿಧಾನ ಕಂಡುಹಿಡಿದರು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳು. ಆಫ್ರಿಕಾದ ಆನೆಯಲ್ಲಿ 25,700 ಕೋಟಿ, ನಮ್ಮ ಮೂರು ಪಟ್ಟು. ಆದರೆ ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಿಂದಲೆಯ ಕಿರುಮಿದುಳಿನಲ್ಲಿವೆ. ಯೋಚನೆ, ಯೋಜನೆಗಳ ತಾಣವಾದ ಹೊರಪದರದಲ್ಲಿ ಆನೆಗೆ 560 ಕೋಟಿ, ನಮಗೆ 1,600 ಕೋಟಿ. ವಾನರ ಕುಲದಲ್ಲಿ ಮಿದುಳು ದೊಡ್ಡದಾದರೂ ನರಕೋಶಗಳು ಅಷ್ಟಾಗಿ ದಪ್ಪವಾಗುವುದಿಲ್ಲ, ಹಾಗಾಗಿ ಕಡಿಮೆ ಜಾಗದಲ್ಲಿ ಹೆಚ್ಚು ಕೂರುತ್ತವೆ. ಆ ಲೆಕ್ಕದಲ್ಲಿ ನಾವು ಪವಾಡವೇನಲ್ಲ, ದೊಡ್ಡದಾಗಿ ಬೆಳೆದ ವಾನರ ಮಿದುಳು ಅಷ್ಟೇ. ನನಗಂತೂ ಇದು ಪವಾಡಕ್ಕಿಂತ ಹೆಚ್ಚಿನ ಅಚ್ಚರಿ. ಇಷ್ಟು ಸಾಮಾನ್ಯ ಸರಕಿನಿಂದ ಇದೆಲ್ಲ ಹೇಗೆ ಬಂತು? ಒಂದು ಸುಳಿವು ಒಳಗಿನ ಹಾದಿಗಳಲ್ಲಿದೆ. ಕಿವಿಯ ಮೇಲ್ಭಾಗದಿಂದ ಹಣೆಯವರೆಗೆ ಕಮಾನಿನಂತೆ ಬಾಗಿ ಹೋಗುವ ನರತಂತುಗಳ ಕಟ್ಟೊಂದು, ಪದದ ಅರ್ಥವನ್ನು ಮಾತಿನ ರಚನೆಗೆ ಬೆಸೆಯುತ್ತದೆ. ನಮ್ಮಲ್ಲಿ ಅದು ದಪ್ಪ, ಕಿವಿಯ ಕೆಳಭಾಗದವರೆಗೂ ಚಾಚಿದೆ. ಚಿಂಪಾಂಜಿಯಲ್ಲಿ ಆ ಚಾಚು ಬಡಕಲು, ಸಣ್ಣ ಕೋತಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಎಂದು 2008ರಲ್ಲಿ ಜೇಮ್ಸ್ ರಿಲ್ಲಿಂಗ್ ತಂಡ ತೋರಿಸಿತು.

ಸಂಜೆ ಮನೆಯ ಹಿತ್ತಿಲಲ್ಲಿ ಹುಡುಗ ಕಲ್ಲಿಗೆ ಕಲ್ಲು ಹೊಡೆಯುತ್ತ ಕೂತ. ಮ್ಯೂಸಿಯಮ್ಮಿನಲ್ಲಿ ಕೈಗೊಡಲಿ ನೋಡಿದ ಪ್ರಭಾವ. ಅರ್ಧ ಗಂಟೆಗೆ ಒಂದು ಚಕ್ಕೆ ಎದ್ದಿತು, ಅದೂ ಆಕಸ್ಮಿಕ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಿಂದೆ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದವರ ಇಡೀ ಕಾರ್ಯಾಗಾರವನ್ನೇ ಕೆ. ಪದ್ದಯ್ಯ ಅವರು ಅಗೆದು ತೆಗೆದಿದ್ದಾರೆ. ಅಂಥದ್ದೊಂದನ್ನು ಮಾಡಲು ಏನು ಬೇಕೆಂದು ಡೀಟ್ರಿಕ್ ಸ್ಟೌಟ್ ಎಂಬ ಸಂಶೋಧಕ ಈಗಿನ ಜನರಿಗೆ ಕಲಿಸಿ, ಅವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದಾರೆ. ಬರೀ ಚಕ್ಕೆ ಎಬ್ಬಿಸುವಾಗ ಸುಮ್ಮನಿದ್ದ ಹಣೆಯ ಹಿಂದಿನ ಪ್ರದೇಶ, ಕೈಗೊಡಲಿಗೆ ಬಂದಾಗ ಕೆಲಸಕ್ಕಿಳಿಯುತ್ತದೆ. ಮುಂದಿನ ಪೆಟ್ಟಿಗಾಗಿ ಈ ಪೆಟ್ಟು, ಅದರ ಮುಂದಿನದಕ್ಕಾಗಿ ಅದು. ತಿಂಗಳುಗಟ್ಟಲೆ ಕಲಿತವರ ತಲೆಯಲ್ಲಿ ನರತಂತುಗಳ ಹಾದಿಯೇ ಬದಲಾಗಿತ್ತು.

ಕೈತೊಳೆದು ಬಂದ ಹುಡುಗ ಅಮ್ಮ ಬರೆದುಕೊಟ್ಟ ಕನ್ನಡದ ಒತ್ತಕ್ಷರ ತಿದ್ದತೊಡಗಿದ. ಅಕ್ಷರ ಹುಟ್ಟಿ ಐದು ಸಾವಿರ ವರ್ಷ ಚಿಲ್ಲರೆ. ಅಷ್ಟರಲ್ಲಿ ಓದಿಗೆಂದೇ ಒಂದು ಭಾಗ ವಿಕಾಸವಾಗುವಂತಿಲ್ಲ. ಆದರೂ ಯಾವ ಲಿಪಿ ಓದುವವರಲ್ಲೂ ಎಡಮಿದುಳಿನ ತಳದ ಹೆಚ್ಚುಕಡಿಮೆ ಅದೇ ಜಾಗ ಅಕ್ಷರ ಗುರುತಿಸುತ್ತದೆ. ಮುಖಗಳನ್ನೂ ವಸ್ತುಗಳನ್ನೂ ಗುರುತಿಸಲು ಇದ್ದ ಪ್ರದೇಶದಲ್ಲಿ ಓದು ಜಾಗ ಮಾಡಿಕೊಂಡಿದೆ ಎಂಬುದು ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹೇನ್ ಅವರ ವಿವರಣೆ. ಮೊದಲೇ ಕಟ್ಟಿ ಮುಗಿಸಿದ ಮಿದುಳಿನಲ್ಲಿ ಇದು ಆಗುವ ಮಾತಲ್ಲ. ಹಣೆಯ ಹಿಂದಿನ ಹಾದಿಗಳು ನಮ್ಮಲ್ಲಿ ಇಪ್ಪತ್ತು ದಾಟುವವರೆಗೂ ಬಲಿಯುತ್ತಲೇ ಇರುತ್ತವೆ.

ಗಾತ್ರ, ಜೋಡಣೆ ಆಯಿತು, ಇನ್ನು ಆಕಾರ. ಮೂರು ಲಕ್ಷ ವರ್ಷ ಹಿಂದಿನ ನಮ್ಮವರೇ ಆದ ಮೊರಾಕ್ಕೊದ ಜೆಬೆಲ್ ಇರ್‌ಹೂದ್ ಜನರ ಮಿದುಳು ಗಾತ್ರದಲ್ಲಿ ನಮ್ಮಷ್ಟೇ, ಆಕಾರದಲ್ಲಿ ಉದ್ದುದ್ದ. ನಿಯಾಂಡರ್ಥಾಲರದ್ದೂ ದೊಡ್ಡದು, ಅದೂ ಉದ್ದ. ನೆತ್ತಿಯ ಹಿಂಬದಿಯೂ ಕಿರುಮಿದುಳೂ ಉಬ್ಬಿ ಈಗಿನ ಗುಂಡಗಿನ ರೂಪ ಬಂದದ್ದು ಒಂದು ಲಕ್ಷದಿಂದ 35,000 ವರ್ಷದ ನಡುವೆ ಎಂದು ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ ಅಳತೆ. ಇದನ್ನು ಓದಿದ ಮೇಲೆ ಕೇಪ್‌ಟೌನಿಗೆ ಹೋಗದೆ ಇರುವುದು ಹೇಗೆ? ಅಲ್ಲಿಯ ಇಝಿಕೋ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಬ್ಲಾಂಬೋಸ್ ಗವಿಯ ಕಾವಿಕಲ್ಲಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಉಜ್ಜಿ ನುಣ್ಣಗೆ ಮಾಡಿದ ಒಂದು ಮುಖ, ಅದರ ಮೇಲೆ ಅಡ್ಡಡ್ಡ ಗೀರಿದ ಗೆರೆಗಳ ಜಾಲ. ಸುಮಾರು 75,000 ವರ್ಷ ಹಿಂದಿನದು. ಅದೇ ಗವಿಯಲ್ಲಿ ಕಪ್ಪೆಚಿಪ್ಪಿನಲ್ಲಿ ಬಣ್ಣ ಕಲಸಿಟ್ಟ, ಒಂದು ಲಕ್ಷ ವರ್ಷ ಹಿಂದಿನ ಸಾಮಗ್ರಿಯನ್ನೂ ಕ್ರಿಸ್ಟೋಫರ್ ಹೆನ್‌ಶಿಲ್‌ವುಡ್ ತಂಡ ಅಗೆದಿದೆ: ಕಾವಿ, ಇದ್ದಿಲು, ಮೂಳೆಯಿಂದ ತೆಗೆದ ಜಿಡ್ಡು. ಬೇರೆ ಬೇರೆ ಕಡೆಯಿಂದ ತಂದು, ಹದ ನೋಡಿ ಬೆರೆಸಿದ್ದು.

ತಲೆ ಗುಂಡಗಾದ ಮೇಲೆ ಗೆರೆ ಬಂತೋ, ಗೆರೆ ಎಳೆದು ಎಳೆದು ಮಕ್ಕಳಿಗೆ ಕಲಿಸಿದವರ ನಡುವೆ ತಲೆ ಗುಂಡಗಾಯಿತೋ, ಕಾಲದ ಅಳತೆ ಅಷ್ಟು ಸೂಕ್ಷ್ಮವಾಗಿಲ್ಲ. ಎರಡೂ ಒಂದನ್ನೊಂದು ಎಳೆದುಕೊಂಡು ಬಂದಿರಬೇಕು ಎಂಬ ಪಕ್ಷ ನನ್ನದು. ಬ್ಲಾಂಬೋಸ್ ಗವಿಯಲ್ಲೇ ಸಿಕ್ಕ, 2018ರಲ್ಲಿ ಪ್ರಕಟವಾದ ಇನ್ನೊಂದು ಚೂರಿನ ಮೇಲೆ 73,000 ವರ್ಷ ಹಿಂದೆ ಕಾವಿಯ ಕಡ್ಡಿಯಿಂದ ಬರೆದ ಆರು ಗೆರೆ, ಅವನ್ನು ದಾಟುವ ಮೂರು ಗೆರೆಗಳಿವೆ. ಗೆರೆಗಳು ಕಲ್ಲಿನ ಅಂಚಿಗೆ ಬಂದು ತಟ್ಟನೆ ನಿಲ್ಲುತ್ತವೆ. ಮೂಲ ಚಿತ್ರ ಇನ್ನೂ ದೊಡ್ಡದಿತ್ತು, ಕಲ್ಲು ಆಮೇಲೆ ಒಡೆದಿದೆ. ಹೆಬ್ಬೆರಳಿಗಿಂತ ಚಿಕ್ಕದಾದ ಆ ಚೂರು ಒಂದು ಬೀಸುವ ಕಲ್ಲಿನದು, ಅದೇ ಕಲ್ಲಿನ ಮೇಲೆ ಅವರು ಮೊದಲು ಕಾವಿ ಅರೆದಿದ್ದರು.